ಬಾಗಿಲಿಗೆ ಉಳಿದ ಅಂಟು

"ಉಗುರು ಹಚ್ಚಬ್ಯಾಡಣ್ಣ, ಬಣ್ಣಾನ ಕಿತ್ತ ಬರ್ತೈತಿ," ಎಂದಳು ಯಮನವ್ವ.

ಸೀರೆ ವ್ಯಾಪಾರದ ಅಂದಾನಪ್ಪ ಸಾವ್ಕಾರರ ಬಿಳಿ ಅಂಬಾಸಿಡರ್ ಯಮನವ್ವನ ಮನೆಯ ಮುಂದೆ, ಬೇವಿನ ನೆರಳಿನಲ್ಲಿ ನಿಂತಿತ್ತು. ಹಿಂದಿನ ದಿನ ಗುಳೇದಗುಡ್ಡದಲ್ಲಿ ಸಾವ್ಕಾರರ ತಮ್ಮನ ಮಗನ ಮದುವೆ. ಮದುಮಕ್ಕಳ ಹೆಸರನ್ನು ಥರ್ಮಾಕೋಲಿನಲ್ಲಿ ಕತ್ತರಿಸಿ ಯಾರೋ ಕಾರಿನ ನಾಲ್ಕೂ ಬಾಗಿಲಿಗೆ ಗಮ್ ಟೇಪು ಹಾಕಿ ಅಂಟಿಸಿದ್ದರು. ಅಕ್ಷರಗಳನ್ನು ಕಿತ್ತರೂ ಅಂಟು ಬಿಟ್ಟಿರಲಿಲ್ಲ. ಇಳಕಲ್ಲಿಗೆ ಬರುವಷ್ಟರಲ್ಲಿ ದಾರಿಯ ಧೂಳೆಲ್ಲ ಅದಕ್ಕೆ ಮೆತ್ತಿ ಕರ್ರಗಾಗಿತ್ತು. ಹತ್ತು ಗಂಟೆಗೆ ಸಾವ್ಕಾರರು ಬಾಗಲಕೋಟೆಗೆ ಹೊರಡುವವರು. ಅಷ್ಟರೊಳಗೆ ಕಾರು ಹೊಳೆಯಬೇಕು, ಗೀರು ಬಿದ್ದರೆ ನಾಳೆಯಿಂದ ಬರಬೇಡ ಎಂದು ಡ್ರೈವರ್ ಸೋಮಲಿಂಗನಿಗೆ ಹೇಳಿ ಕಳಿಸಿದ್ದರು. ಅವನು ಕಾರನ್ನು ನೇರ ತಂಗಿಯ ಮುಂದೆ ತಂದು ನಿಲ್ಲಿಸಿದ್ದ.

ಹೊಸ ಸ್ಟೀಲ್ ಡಬ್ಬಿಯ ಚೀಟಿ ತೆಗೆಯುವ ಹಾಗೆಯೇ ಯಮನವ್ವ ಕೆಲಸಕ್ಕೆ ಕೂತಳು. ಹಳೆಯ ಮೆತ್ತನೆಯ ಸೀರೆಯ ತುಂಡನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ಅಂಟಿನ ಮೇಲೆ ಹಾಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸಿದಳು. ಅಂಟು ಶ್ಯಾವಿಗೆಯಂತೆ ಸುರುಳಿಯಾಗಿ ಎದ್ದು ಬಂತು. ಮೇಲೆ ಸೋಪಿನ ನೀರು, ಆಮೇಲೆ ಒಣ ಅರಿವೆ. ಮೂರು ಬಾಗಿಲು ಹೀಗೇ ಮುಗಿದವು.

"ಮಗ್ಗದಾಗ ಕುಂತಂಗ ಕುಂತೀಯಲ್ಲ! ಹತ್ತಾಗಾಕ ಬಂತು. ಸಾವ್ಕಾರ ನನ್ನ ಚರ್ಮಾ ಸುಲೀತಾನ."

"ಸುಲೀಲಿ ತಗೋ. ಅದಕ್ಕೂ ಒಂದೀಟ ಎಣ್ಣಿ ಹಚ್ಚತೇನಿ."

ಸೋಮಲಿಂಗನಿಗೆ ನಗು ಬರಲಿಲ್ಲ. ಓಣಿಯ ತುದಿಯಲ್ಲಿ ಬೋರ್ಡು ಬರೆಯುವ ಮುರ್ತುಜಸಾಬನ ಅಂಗಡಿಗೆ ಓಡಿ ಬಾಟಲಿಯಲ್ಲಿ ಥಿನ್ನರ್ ತಂದ. ಯಮನವ್ವ ಬೇಡ ಬೇಡ ಎನ್ನುತ್ತಿರುವಾಗಲೇ ಅರಿವೆಗೆ ಸುರಿದು ನಾಲ್ಕನೆಯ ಬಾಗಿಲನ್ನು ಗಸಗಸ ತಿಕ್ಕಿದ. ಅಂಟು ಹೋಯಿತು. ಅದರ ಜೊತೆ ಬಿಳಿ ಬಣ್ಣವೂ ಹಾಲಿನ ಕೆನೆಯಂತೆ ಅರಿವೆಗೆ ಬಂತು.

"ಸತ್ತೆ! ಹೋತು ನನ್ನ ಕೆಲಸ," ಎಂದು ಸೋಮಲಿಂಗ ತಲೆಗೆ ಕೈ ಹಚ್ಚಿ ಕುಸಿದ.

ಯಮನವ್ವನಿಗೆ ಅದು ಕೇಳಿಸಲೇ ಇಲ್ಲ. ಅಂಗೈಯಗಲ ಜಾಗದಲ್ಲಿ, ಬಿಳಿಯ ಅಡಿಗೆ, ಹಳೆಯ ಬಣ್ಣ ಗಟ್ಟಿಯಾಗಿ ಕೂತಿತ್ತು. ಹಸಿರು. ಬರೀ ಹಸಿರಲ್ಲ, ಅವಳು ಮಗ್ಗದಲ್ಲಿ ಕರಿ ಎಳೆಯ ಹಾಸು ಹೂಡಿ, ಹಸಿರು ಎಳೆಯ ಹೊಕ್ಕು ಕೊಟ್ಟು ನೇಯ್ದರೆ ಬರುವ ಹಸಿರು. ಎರಡು ವರ್ಷದ ಹಿಂದೆ ಗುಡೂರು ಕ್ರಾಸಿನಲ್ಲಿ ಅಪ್ಪ ರಸ್ತೆ ದಾಟುತ್ತಿದ್ದಾಗ ಕಾರೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಸೀರೆಯ ಗಂಟು ಹಿಡಿದು ಹಿಂದೆ ನಿಂತಿದ್ದ ಅವಳೊಬ್ಬಳೇ ನೋಡಿದವಳು. ಪೊಲೀಸರಿಗೆ ಈ ಬಣ್ಣವನ್ನೇ ಹೇಳಿದ್ದಳು. "ಕಾರೇನು ಸೀರಿ ಏನವಾ?" ಎಂದು ಜಮಾದಾರ ನಕ್ಕು, ಬರೇ ಹಸಿರು ಎಂದು ಬರೆದುಕೊಂಡಿದ್ದ. ಆ ಕಾರು ಸಿಗಲೇ ಇಲ್ಲ.

ಎಣ್ಣೆಯ ಬಟ್ಟಲು ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

"ಅಣ್ಣಾ, ಈ ಕಾರ ಮೊದಲ ಹಸರ ಇತ್ತೇನು?"

"ನಾ ಕೆಲಸಕ್ಕ ಸೇರಿದಾಗಿಂದ ಬಿಳೀನ ಐತಲ್ಲ. ಅದನ್ಯಾಕ ಕೇಳ್ತಿ ಈಗ?"

"ನೀ ಸೇರಿದ್ದು ಅಪ್ಪ ಹೋದ ತಿಂಗಳದಾಗ."

ಹೌದು. ಈ ಕಾರು ಸಾವ್ಕಾರರ ಮನೆಗೆ ಬಂದದ್ದೂ ಅದೇ ತಿಂಗಳು. ಸಾವ್ಕಾರರು ತಾವೇ ಮನೆಗೆ ಬಂದು, ಅವ್ವನ ಮುಂದೆ ಕಣ್ಣೊರೆಸಿಕೊಂಡು, ಇನ್ನ ಈ ಹುಡುಗ ನನ್ನ ಮಗ ಇದ್ದಂಗ ಎಂದಿದ್ದರು. ಕಾರು ಹೊಡೆಯಲು ಕಲಿಸಿದ್ದೂ ಅವರೇ. ಓಣಿಯವರೆಲ್ಲ ದೇವರಂಥ ಮನುಷ್ಯ ಎಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅವ್ವ ಅವರ ಹೆಸರು ಹೇಳಿಯೇ ದೀಪ ಹಚ್ಚುತ್ತಾಳೆ.

ಸೋಮಲಿಂಗ ತಂಗಿಯ ಮುಖ ನೋಡಿದ, ಬಾಗಿಲು ನೋಡಿದ. ಮತ್ತೆ ಸಣ್ಣ ದನಿಯಲ್ಲಿ, "ಹಸರ ಕಾರ ಊರಾಗ ಬೇಕಾದಷ್ಟ ಅದಾವು," ಎಂದ.

"ಇದು ಬ್ಯಾರೆ ಹಸರ."

ಅಷ್ಟರಲ್ಲಿ ಚಪ್ಪಲಿಯ ಸಪ್ಪಳ. ಪಕ್ಕದ ಓಣಿಯಿಂದ ಸಾವ್ಕಾರರು ನಡೆದುಕೊಂಡೇ ಬಂದಿದ್ದರು. ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಮದುವೆಯ ಲಾಡುವಿನ ಪುಡಿಕೆ. "ಯಾಕೋ ಸೋಮ್ಯಾ, ಇನ್ನೂ ಆಗಿಲ್ಲೇನು?" ಎನ್ನುತ್ತ ಬಂದವರು ನಾಲ್ಕನೆಯ ಬಾಗಿಲ ಮುಂದೆ ನಿಂತುಬಿಟ್ಟರು.

ಸೋಮಲಿಂಗ ಕೈ ಮುಗಿದ. "ತಪ್ಪಾತ್ರಿ ಸಾವ್ಕಾರ್ರ. ಥಿನ್ನರ್ ಹಚ್ಚಿಬಿಟ್ಟೆ. ಯಮನಿ ಬ್ಯಾಡ ಅಂದಿದ್ಲು."

ಹಿಂದೊಮ್ಮೆ ಒಂದು ಸೀರೆಯ ಸೆರಗಿನಲ್ಲಿ ಎಳೆ ತಪ್ಪಿದ್ದಕ್ಕೆ ಇಡೀ ಓಣಿಗೆ ಕೇಳುವಂತೆ ಕೂಗಾಡಿದ್ದ ಮನುಷ್ಯ ಈಗ ದನಿ ಕೂಡ ಏರಿಸಲಿಲ್ಲ. ಪುಡಿಕೆಯನ್ನು ಕಾರಿನ ಮೇಲಿಟ್ಟರು. ಹೆಗಲ ಮೇಲಿನ ಟವೆಲ್ ತೆಗೆದು ಬಾಗಿಲಿನ ಆ ಜಾಗಕ್ಕೆ ಹೊದಿಸಿ, ತುದಿಯನ್ನು ಕಿಟಕಿಯ ಸಂದಿಗೆ ಸಿಗಿಸಿದರು.

"ಇರ್ಲಿ ಬಿಡಪಾ. ಹುಡುಗರು, ತಪ್ಪ ಆಗ್ತಾವು. ನಿನಗ ನಾ ಏನೂ ಅನ್ನೂದಿಲ್ಲ. ಕೀಲಿ ಕೊಡು, ನಾನ ಒಯ್ದು ಬಣ್ಣಾ ಹಚ್ಚಿಸ್ಕೊಂಡ ಬರ್ತೇನಿ."

ಸೋಮಲಿಂಗ ಕಣ್ಣಲ್ಲಿ ನೀರು ತಂದುಕೊಂಡು ಕಿಸೆಯಿಂದ ಕೀಲಿ ತೆಗೆದ.

ಸಾವ್ಕಾರರ ಎದುರು ತಲೆ ಎತ್ತಿ ನಿಂತವಳೇ ಅಲ್ಲ ಯಮನವ್ವ. ಈಗ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ನೇರ ಅವರ ಮುಖವನ್ನೇ ನೋಡಿದಳು.

"ಸಾವ್ಕಾರ್ರ, ಇಷ್ಟ ದೊಡ್ಡ ತಪ್ಪಿಗೂ ನೀವು ಯಾಕ ಬೈವಲ್ರಿ?"

ಕೀಲಿ ಹಿಡಿದ ಸೋಮಲಿಂಗನ ಕೈ ಅರ್ಧಕ್ಕೇ ನಿಂತಿತು. ಮೆಲ್ಲಗೆ ಅವನ ಬೆರಳುಗಳು ಒಂದೊಂದಾಗಿ ಕೀಲಿಯ ಮೇಲೆ ಮಡಚಿಕೊಂಡವು.