ಮುನ್ನೂರು ಮಕ್ಕಳ ಸಾಂಬಾರು

ವರ್ಗಾವಣೆ ಎನ್ನುವುದು ಮೇಷ್ಟ್ರುಗಳಿಗೆ, ಪೊಲೀಸರಿಗೆ ಆಗುವಂಥದ್ದು ಎಂದುಕೊಂಡಿದ್ದಳು ತಿಪ್ಪಮ್ಮ.
ಐವತ್ತೆಂಟನೇ ವಯಸ್ಸಿನಲ್ಲಿ, ಸೌಟು ಹಿಡಿಯುವ ತನಗೂ ಆಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ...

ಹನ್ನೊಂದು ವರ್ಷ ತನ್ನೂರಿನ ಶಾಲೆಯಲ್ಲಿ ಬಿಸಿಯೂಟ ಮಾಡಿದವಳು. ಮಕ್ಕಳು ಕಡಿಮೆಯಾಗುತ್ತಾ ಬಂದು ಕೊನೆಗೆ ಆರೇ ಜನ ಉಳಿದರು. ಶಾಲೆ ಮುಚ್ಚಿತು. ಅವಳನ್ನು ಪಟ್ಟಣದ ದೊಡ್ಡ ಶಾಲೆಯ ಅಡುಗೆಮನೆಗೆ ಹಾಕಿದರು.

ಅಲ್ಲಿ ಆರು ಮಕ್ಕಳು... ಇಲ್ಲಿ ಮುನ್ನೂರ ಹನ್ನೆರಡು!
ಅಲ್ಲಿ ಯಾವ ಮಗುವಿಗೆ ಬದನೆಕಾಯಿ ಸೇರದು ಎನ್ನುವುದೂ ಗೊತ್ತಿತ್ತು. ಇಲ್ಲಿನ ಸಾಂಬಾರಿನ ಪಾತ್ರೆಯೊಳಗೆ ಒಬ್ಬರು ಕೂತು ಸ್ನಾನ ಮಾಡಬಹುದಿತ್ತು.

ಅದೆಲ್ಲ ಹೇಗೋ ಅಭ್ಯಾಸವಾಗುತ್ತಿತ್ತು. ಆದರೆ ತಿಪ್ಪಮ್ಮ ಯಾರಿಗೂ ಹೇಳದ ಒಂದು ವಿಷಯವಿತ್ತು...
ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಎಲ್ಲವೂ ಮಂಜು ಮಂಜು. ಆಗಾಗ ಕಪ್ಪು ಚುಕ್ಕೆಗಳು ಓಡಾಡಿದ ಹಾಗೆ ಕಾಣುತ್ತಿತ್ತು.

ಮೊದಲ ದಿನವೇ ಮುಖ್ಯ ಅಡುಗೆಯವಳು ಕರಿಬಸಮ್ಮ ಕೇಳಿದ್ದಳು.
"ನೋಡಕ್ಕ, ಇಲ್ಲಿ ಕುದಿಯೋ ಪಾತ್ರೆ ಜೊತೆ ಕೆಲ್ಸ. ಹೋದ್ ವರ್ಷ ಒಬ್ಬಾಕೆಗೆ ಕಣ್ಣು ಮಂಜಾಗಿತ್ತು, ಬಿಡಿಸಿ ಕಳಿಸಿದ್ರು. ನಿನ್ ಕಣ್ಣು ನೆಟ್ಟಗೈತಾ?"

"ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ ಕಣಮ್ಮ" ಎಂದಳು ತಿಪ್ಪಮ್ಮ. ಶುದ್ಧ ಸುಳ್ಳು!

ಸುಳ್ಳು ಹೇಳದೆ ವಿಧಿಯಿರಲಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಮಗಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಈ ಕೆಲಸ ಹೋದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮೂರನೇ ವಾರದ ಬುಧವಾರ. ಹನ್ನೆರಡೂವರೆ ಗಂಟೆ. ಊಟದ ಬೆಲ್‌ಗೆ ಹತ್ತೇ ನಿಮಿಷ...

ತಿಪ್ಪಮ್ಮ ಒಬ್ಬಳೇ ಸಾಂಬಾರು ತಿರುವುತ್ತಿದ್ದಳು. ಬಲಗಡೆ ಮೇಲಿನಿಂದ ಕಪ್ಪಗೆ ಏನೋ ಪಾತ್ರೆಯೊಳಗೆ ಬಿದ್ದ ಹಾಗಾಯಿತು.

ಬಗ್ಗಿ ನೋಡಿದಳು. ನುಗ್ಗೆಕಾಯಿ, ಬದನೆಕಾಯಿ, ಮೇಲೆ ಬರೀ ಹಬೆ.
ಟ್ಯೂಬ್‌ಲೈಟ್ ಪಕ್ಕ ಬೆಳಗ್ಗೆಯಿಂದ ಒಂದು ಹಲ್ಲಿ ಇತ್ತು. ಈಗ ಅಲ್ಲಿರಲಿಲ್ಲ.

ಹಲ್ಲಿಯೇ ಬಿತ್ತಾ? ಅಥವಾ ತನ್ನ ಕಣ್ಣಿನ ಹಾಳು ಚುಕ್ಕೆಯಾ?

ಹೇಳಿದರೆ ಕಣ್ಣಿನ ವಿಷಯ ಹೊರಗೆ ಬರುತ್ತದೆ. ಹೇಳದಿದ್ದರೆ... ಮುನ್ನೂರ ಹನ್ನೆರಡು ಮಕ್ಕಳು.

ಕರಿಬಸಮ್ಮ ಬಂದು ಪಾತ್ರೆಯ ಕಿವಿಗೆ ಬಟ್ಟೆ ಸುತ್ತಿದಳು. "ಹಿಡಿಯಕ್ಕ, ಇಳಿಸಾನ."
"ತಡಿ ತಂಗಿ... ಇದ್ರಾಗೆ ಏನೋ ಬಿದ್ದಂಗಾತು."
"ಏನು ಬಿತ್ತು? ಕಂಡ್ಯಾ ಇಲ್ವಾ, ನೆಟ್ಟಗೆ ಹೇಳು!"

ತಿಪ್ಪಮ್ಮ ಮತ್ತೆ ಪಾತ್ರೆಯೊಳಗೆ ಇಣುಕಿದಳು.

ಕರಿಬಸಮ್ಮ ಸೌಟು ಕಿತ್ತುಕೊಂಡು ತಳದವರೆಗೂ ತಿರುವಿದಳು. ಏನೂ ಮೇಲೆ ಬರಲಿಲ್ಲ.
"ಏನೂ ಇಲ್ಲ! ಹೊತ್ತಾತು, ಸುಮ್ನೆ ಹಿಡಿ."

ಅಷ್ಟರಲ್ಲಿ ಬೆಲ್ ಹೊಡೆಯಿತು. ತಟ್ಟೆಗಳ ಸದ್ದು... ಮಕ್ಕಳು ಸಾಲಾಗಿ ಬಂದು ನಿಂತೇಬಿಟ್ಟರು.
ಹೆಡ್‌ ಮೇಡಂ ಚಮಚ ಹಿಡಿದು ಒಳಗೆ ಬಂದರು. ದಿನವೂ ಮೊದಲು ಅವರು ರುಚಿ ನೋಡಬೇಕು, ಆಮೇಲೆ ಮಕ್ಕಳಿಗೆ.

ಸಾಂಬಾರು ತುಂಬಿದ ಚಮಚ ತುಟಿಯ ಹತ್ತಿರ ಹೋಯಿತು...
ತಿಪ್ಪಮ್ಮ ಓಡಿ ಬಂದು ಅವರ ಕೈ ಹಿಡಿದುಕೊಂಡಳು.

"ಬ್ಯಾಡ ಮೇಡಂ! ಇದ್ರಾಗೆ ಏನೋ ಬಿದ್ದಂಗಾತು. ಹಲ್ಲಿಯೋ, ನನ್ ಕಣ್ಣಿನ ಚುಕ್ಕೆಯೋ, ದೇವ್ರಾಣೆ ಗೊತ್ತಿಲ್ಲ. ನನ್ ಕಣ್ಣಿಗೆ ಪೊರೆ ಬಂದೈತೆ... ಮುಚ್ಚಿಟ್ಟಿದ್ದೆ, ತಪ್ಪು ನಂದು. ನನ್ನ ಬೇಕಾದ್ರೆ ಕಳಿಸ್ರಿ. ಇದನ್ನ ಮಾತ್ರ ಮಕ್ಕಳಿಗೆ ಬಡಿಸ್ಬ್ಯಾಡ್ರಿ!"

ಮೇಡಂ ಚಮಚ ಕೆಳಗಿಟ್ಟರು. "ಚೆಲ್ಲಿ" ಎಂದರು.

ಹಿತ್ತಲಲ್ಲಿ ಬುಟ್ಟಿಯೊಂದನ್ನು ಇಟ್ಟು ಅಷ್ಟೂ ಸಾಂಬಾರನ್ನು ಸೋಸಿದರು. ತಿಪ್ಪಮ್ಮ ಬಗ್ಗಿ ನೋಡುತ್ತಿದ್ದಳು.
ನುಗ್ಗೆಕಾಯಿ ಸಿಕ್ಕಿತು. ಬದನೆಕಾಯಿ ಸಿಕ್ಕಿತು. ಹಲ್ಲಿ ಸಿಗಲಿಲ್ಲ...

"ನೋಡಿದ್ರಾ ಮೇಡಂ!" ಕರಿಬಸಮ್ಮ ಸಿಡಿದಳು. "ಇವಳ ಭ್ರಮೆಗೆ ಮುನ್ನೂರು ಮಕ್ಕಳ ಸಾಂಬಾರು ಮಣ್ಣುಪಾಲಾತು!"

ಮೇಡಂ ಎಲ್ಲರನ್ನೂ ಒಳಗೆ ಕರೆದರು. ಎಲ್ಲರೂ ಸೇರಿ ಇದ್ದ ಅನ್ನಕ್ಕೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದರು. ಊಟ ಮುಕ್ಕಾಲು ಗಂಟೆ ತಡವಾಯಿತು. ಮಕ್ಕಳಿಗೇನು, ಚಿತ್ರಾನ್ನ ಎಂದು ಕುಣಿದರು! ತಿಪ್ಪಮ್ಮ ಮಾತ್ರ ಈರುಳ್ಳಿ ಹೆಚ್ಚಿ ಮುಗಿದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.

ಎಲ್ಲ ಮುಗಿದ ಮೇಲೆ ಏಪ್ರನ್ ಮಡಚಿ ಮೇಡಂ ಟೇಬಲ್ಲಿನ ಮೇಲಿಟ್ಟಳು.
"ಏನೂ ಸಿಗ್ಲಿಲ್ಲ ಮೇಡಂ... ಬರ್ತೀನಿ."

ಮೇಡಂ ಅವಳನ್ನೇ ನೋಡಿದರು. "ಕೂತ್ಕೊಳ್ಳಿ ತಿಪ್ಪಮ್ಮ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳಿದ್ರಲ್ಲ, ಅಂಥೋರು ನಮ್ಮ ಅಡುಗೆಮನೇಲಿ ಇರಬೇಕು. ಈ ಶನಿವಾರ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಕ್ಯಾಂಪ್ ಇದೆ, ನಿಮ್ಮ ಹೆಸರು ಬರೆಸ್ತೀನಿ. ಆದ್ರೆ ಒಂದು ತಿಂಗಳು ಒಲೆ ಹತ್ರ ಬರೋ ಹಾಗಿಲ್ಲ..."

ತಿಪ್ಪಮ್ಮನ ಮುಖ ಬಾಡಿತು. ಒಂದು ತಿಂಗಳು! ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ.

ಬಾಗಿಲಲ್ಲಿ ಬಿಕ್ಕುವ ಸದ್ದು ಕೇಳಿಸಿತು. ಕರಿಬಸಮ್ಮ!

"ಬೇರೆ ಯಾರನ್ನೂ ಹಾಕ್ಬ್ಯಾಡ್ರಿ ಮೇಡಂ. ಅಕ್ಕನ ಪಾಲಿನ ಕೆಲ್ಸಾನೂ ನಾನೇ ಮಾಡ್ತೀನಿ..."
ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು.
"ಆ ಸಾಲಿನಾಗೆ ಎಲ್ಲರಿಗಿಂತ ಮುಂದೆ ತಟ್ಟೆ ಹಿಡ್ಕೊಂಡು ನಿಂತಿದ್ದು ನನ್ ಮಗಳು. ನಿಜವಾಗ್ಲೂ ಹಲ್ಲಿ ಬಿದ್ದಿದ್ರೂ ನಾನೇ ಬಡಿಸಿಬಿಡ್ತಿದ್ದೆ..."

*ಖಚಿತವಾಗಿ ಗೊತ್ತಿದ್ದಾಗ ಎಲ್ಲರೂ ಮಾತಾಡುತ್ತಾರೆ... ಅನುಮಾನವಿದ್ದಾಗಲೇ, ತನಗೆ ನಷ್ಟವಾದರೂ ಬಾಯಿ ಬಿಡುವುದಕ್ಕೆ ಗುಂಡಿಗೆ ಬೇಕು.*

ಆ ಹತ್ತು ನಿಮಿಷ ಸೌಟು ನಿಮ್ಮ ಕೈಯಲ್ಲಿದ್ದಿದ್ದರೆ... ನೀವು ಹೇಳುತ್ತಿದ್ದಿರಾ?