ಡ್ಯಾಶ್‌ಬೋರ್ಡಿನ ಮೇಲೊಂದು ಟೀ ಲೋಟ

ಡ್ಯಾಶ್‌ಬೋರ್ಡಿನ ಮೇಲಿಟ್ಟ ಟೀ ಮತ್ತೆ ತುಳುಕಿತು.

“ನಿನ್ನ ಡಬ್ಬಿ ಹಾಕಿದ್ರೂ ಲಾರಿ ಹಂಗೇ ಎಗರ್ತೈತಲ್ಲಮ್ಮ, ಬಿಚ್ಚಿಬಿಡು,” ಎಂದ ಡ್ರೈವರ್ ದ್ಯಾಮಣ್ಣ. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ನುಜಹತ್‌ಳ ಮುಖ ಸಣ್ಣದಾಯಿತು. ಆಟೊಮ್ಯಾಟಿಕ್ ಲಾರಿ ಗೇರು ಬದಲಿಸುವಾಗ ಜರ್ಕ್ ಹೊಡೆಯದಿರಲೆಂದು ಬೆಳಗಿನಿಂದ ಒದ್ದಾಡಿ ಆ ಎಲೆಕ್ಟ್ರಾನಿಕ್ ಡಬ್ಬಿ ಕೂರಿಸಿದ್ದಳು. ಸಂತೇಬೆನ್ನೂರಿಗೇ ಅದು ಮೊದಲನೆಯದು.

“ಇನ್ನೊಂದ್ಸಲ ಓಡಿಸ್ರಿ ಅಣ್ಣ,” ಎಂದವಳು ಈ ಸಲ ಲೋಟದ ಬದಲು ಅವನ ಕಾಲಿನ ಕಡೆ ನೋಡಿದಳು. ಇಂಜಿನ್ನಿನ ಸದ್ದು ಏರಿದ್ದೇ ತಡ, ಮೂವತ್ತು ವರ್ಷ ಕ್ಲಚ್ ತುಳಿದ ಅವನ ಎಡಗಾಲು ತಾನಾಗಿ ಮೇಲೆದ್ದು, ಇಲ್ಲದ ಕ್ಲಚ್ ಹುಡುಕುತ್ತಾ ಬ್ರೇಕಿನ ಮೇಲೆ ಬಿತ್ತು.

“ಆ ಕಾಲು ಮಡಚಿ ಸೀಟಿನ ಮ್ಯಾಲೆ ಇಟ್ಕೊಳ್ರಿ,” ಎಂದಳು ನಗು ತಡೆದು.

ಊಟಕ್ಕೆ ಕೂತವನಂತೆ ಕಾಲು ಮಡಚಿ ದ್ಯಾಮಣ್ಣ ಓಡಿಸಿದ. ಪಕ್ಕದ ಊರು ತ್ಯಾವಣಿಗೆ ಬಂದರೂ ಟೀ ಮೇಲಿನ ಕೆನೆ ಅಲುಗಲಿಲ್ಲ.

“ಡಬ್ಬಿ ಇರ್ಲಿ ಬಿಡಮ್ಮ,” ಎಂದ. “ಬಿಚ್ಚೋದಾದ್ರೆ ಈ ಕಾಲು ಬಿಚ್ಚು.”