ಬಟ್ಟಲ ತಳದ ಕೆಂಪು ಚುಕ್ಕಿ

ಮಗಳು ನೇಲ್ ಪಾಲಿಶ್ ಹಚ್ಚಿಕೊಳ್ಳಲು ಕೂತರೆ, ಆ ಘಾಟಿಗೆ ನನಗೆ ದೇವನಹಳ್ಳಿಯ ಅಜ್ಜಿಯ ಪಿಂಗಾಣಿ ಬಟ್ಟಲು ನೆನಪಾಗುತ್ತದೆ.

ಅಜ್ಜಿ ಅದನ್ನು ಮಾರಲು ಒಪ್ಪಿದ್ದಳು. ಬೆಂಗಳೂರಿನಿಂದ ಬಂದ ಹಳೇ ಸಾಮಾನಿನ ವ್ಯಾಪಾರಿ ಬಟ್ಟಲನ್ನು ಬೆರಳಿನಿಂದ ತಟ್ಟಿ ನಾದ ಕೇಳಿದ. ಮಗುಚಿ, ತಳದ ದೊರಗು ಅಂಚು ಸವರಿದ. ನೀಲಿ ಚೀನಿ ಅಕ್ಷರಗಳಿಗೆ ಭೂತಗನ್ನಡಿ ಹಿಡಿದ.

“ಅಸಲಿ ಚೀನಾ ಮಾಲೇ. ಈ ಕೆಂಪು ಚುಕ್ಕಿ ಯಾವ ರಾಜನ ಮುದ್ರೆ ಅಜ್ಜಿ?”

“ನೇಲ್ ಪಾಲಿಶ್ ಕಣಪ್ಪ,” ಅಜ್ಜಿ ನನ್ನ ಕಡೆ ತೋರಿಸಿದಳು. “ಪಕ್ಕದ್ಮನೆಗೆ ಪಾಯಸ ಕಳ್ಸೋವಾಗ, ಬಟ್ಲು ಅದಲುಬದಲಾಗ್ಬಾರ್ದು ಅಂತ ಇವಳು ಇಟ್ಟಿದ್ದು.”

“ಅಂಗಡೀಲಿ ಒರೆಸಿಬಿಡ್ತೀನಿ ಬಿಡಿ.”

“ಒರೆಸಿದ್ರೆ ನಮ್ದು ಅಂತ ಹೆಂಗೆ ಗೊತ್ತಾಗುತ್ತೆ?”

“ಮಾರಿದ್ಮೇಲೆ ನಿಮ್ದಲ್ವಲ್ಲ ಅಜ್ಜಿ.”

ಅಜ್ಜಿ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು, ತೊಳೆದು, ಅದರಲ್ಲೇ ಅವನಿಗೆ ಬಿಸಿ ಉಪ್ಪಿಟ್ಟು ತಂದುಕೊಟ್ಟಳು.